ಊರಿನ ಹೆಸರು ಚೂರಾದಾಗ: ಕನ್ನಡ ಕಡತವನ್ನು ಯೂನಿಕೋಡ್‌ಗೆ ತರುವ ಬಗೆ

ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಸಂಘವೊಂದರ ಹಳೆಯ ಸದಸ್ಯರ ಪಟ್ಟಿಯನ್ನು ಹೊಸ ತಂತ್ರಾಂಶಕ್ಕೆ ಸೇರಿಸಬೇಕಿದೆ ಎಂದುಕೊಳ್ಳಿ. ಕಡತ ತೆರೆದರೆ ಕನ್ನಡದ ಬದಲು ವಿಚಿತ್ರ ಚಿಹ್ನೆಗಳ ಸಂತೆ. ಆಗ ‘ಸೇವ್’ ಒತ್ತಲೇಬೇಡಿ. ತಪ್ಪಾಗಿ ಓದಿದ್ದನ್ನು ಉಳಿಸಿದರೆ ಮೂಲವೇ ಕೆಡಬಹುದು. ಮೊದಲು ಒಂದು ಪ್ರತಿ ತೆಗೆದಿಡಿ.

ನಂತರ ಆ ಚಿಹ್ನೆಗಳನ್ನೇ ಗಮನಿಸಿ. ಓರೆಗೀಟು ಹೊತ್ತ ಇಂಗ್ಲಿಷಿನ ಸಣ್ಣ ‘ಎ’ (à), ಅದರ ಬೆನ್ನಿಗೇ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಕಂಡರೆ ಕಡತ ಸರಿಯಾಗಿಯೇ ಇದೆ. ಅದು ಯುಟಿಎಫ್-8, ಅಂದರೆ ಜಗತ್ತಿನ ಭಾಷೆಗಳ ಅಕ್ಷರಗಳಿಗೆ ಒಂದೊಂದು ಸಂಕೇತ ಕೊಡುವ ಯೂನಿಕೋಡನ್ನು ಕಡತದಲ್ಲಿ ಬರೆದಿಡುವ ಕ್ರಮ; ಓದುತ್ತಿರುವ ತಂತ್ರಾಂಶ ಅದನ್ನು ಪಾಶ್ಚಾತ್ಯ ಭಾಷೆಗಳ ಸಂಕೇತವೆಂದು ಭಾವಿಸಿದೆ, ಅಷ್ಟೆ. ಎಕ್ಸೆಲ್‌ನಲ್ಲಾದರೆ ‘ಡೇಟಾ’ ವಿಭಾಗದ ಮೂಲಕ ಕಡತವನ್ನು ಆಮದು ಮಾಡಿಕೊಂಡು, ಮೂಲ ಸಂಕೇತವಾಗಿ 65001 (ಯುಟಿಎಫ್-8) ಆರಿಸಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕಡತ ತೆರೆಯುವಾಗಲೇ ಯುಟಿಎಫ್-8 ಎಂದು ಬರೆದುಬಿಡಿ; ವಿಂಡೋಸ್‌ನ ಊಹೆಗೆ ಬಿಡುವುದು ಬೇಡ.

ಓರೆಗೀಟಿನ ದೊಡ್ಡ ‘ಎ’ (À), ನಡುನಡುವೆ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು. ಅಲ್ಲಿ ಕನ್ನಡದ ಅಕ್ಷರಗಳೇ ಇಲ್ಲ, ಇಂಗ್ಲಿಷಿಗೆ ಕನ್ನಡದ ವೇಷ ತೊಡಿಸಲಾಗಿದೆ. ಇದಕ್ಕೆ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶವೇ ಬೇಕು. ಕನ್ನಡ ಇರುವ ಕಾಲಂಗಳನ್ನು ಮಾತ್ರ ಅದಕ್ಕೆ ಕೊಡಿ; ಇಲ್ಲವಾದರೆ ಇಂಗ್ಲಿಷಿನಲ್ಲಿದ್ದ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತಿನ ಪದಗಳನ್ನು ಕಣ್ಣಾರೆ ಪರೀಕ್ಷಿಸಿ. ನುಡಿಯಲ್ಲಿ ಅರ್ಕಾವತ್ತು ವ್ಯಂಜನದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲೇ ಬರುತ್ತದೆ. ಎಡವಟ್ಟು ಹೆಚ್ಚಾಗಿ ಇಲ್ಲೇ.

ಡೇಟಾಬೇಸ್‌ನಲ್ಲಿ ಜಾಗದ ಲೆಕ್ಕ ಬೇರೆ. ‘ಚಿಕ್ಕಮಗಳೂರು’ ಕಣ್ಣಿಗೆ ಆರು ಅಕ್ಷರ. ಕಾಗುಣಿತದ ಗುರುತು, ಒತ್ತಕ್ಷರ ಜೋಡಿಸುವ ವಿರಾಮ (್) ಇವನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಯೂನಿಕೋಡ್‌ನಲ್ಲಿ 11 ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 33. ‘ಹಾಸನ’ಕ್ಕೆ 12 ಸಾಕು. ಊರಿನ ಹೆಸರಿಗೆ 20 ಬೈಟ್ ಮಾತ್ರ ಮೀಸಲಿಟ್ಟವರ ಪಟ್ಟಿಯಲ್ಲಿ ಹಾಸನದವರು ಕ್ಷೇಮ, ನಾವು ‘ಚಿಕ್ಕಮ’ದಲ್ಲೇ ತುಂಡು! ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಬಳಸುವುದಾದರೆ ‘ಯುಟಿಎಫ್8ಎಂಬಿ4’ ಆರಿಸಿ. ಅಲ್ಲಿನ ಹಳೆಯ ‘ಯುಟಿಎಫ್8’ 3 ಬೈಟ್‌ಗೆ ಸೀಮಿತ. ಕನ್ನಡ ಹಿಡಿಸುತ್ತದೆ, ಎಮೋಜಿ ಹಿಡಿಸುವುದಿಲ್ಲ.

ಕೊನೆಗೆ ಹುಡುಕಾಟ. ‘ಕೊಪ್ಪ’ದ ಒತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊತ್ವದ ಜೋಡಿಯಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಆದ್ದರಿಂದ ಉಳಿಸುವ ಮೊದಲು ಎಲ್ಲ ಹೆಸರುಗಳನ್ನೂ, ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ‘ಎನ್‌ಎಫ್‌ಸಿ’ ರೂಪಕ್ಕೆ ತನ್ನಿ. ಹುಡುಕುವ ಪದವನ್ನೂ ಅದೇ ರೂಪಕ್ಕೆ ತಂದರೆ ಕೊಪ್ಪದ ಸದಸ್ಯರೆಲ್ಲರೂ ಸಿಗುತ್ತಾರೆ.