ಅಮ್ಮನ ಕೀ ಗೊಂಚಲು ಹನ್ನೊಂದರಿಂದ ಎರಡಕ್ಕೆ ಇಳಿದದ್ದು

ಹೋದ ವರ್ಷ ಆಷಾಢದ ಮಳೆಯಲ್ಲಿ ಒಂದು ಸಂಜೆ ಕರೆಂಟ್ ಹೋಗಿತ್ತು. ನಾನು ಸಾಗರದಿಂದ ಕೆಲಸ ಮುಗಿಸಿ ಮನೆಗೆ ಬರುವಾಗ ಅಮ್ಮ ಅಡುಗೆಮನೆಯ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದು ಕೈಯಲ್ಲಿ ಕೀ ಗೊಂಚಲು, ಮೈಯೆಲ್ಲ ಇರಚಲು ಹೊಡೆದು ಒದ್ದೆ. ಮನೆಯಲ್ಲಿ ಒಬ್ಬಳೇ ಇದ್ದರೆ ಕೊಟ್ಟಿಗೆಗೆ ಹೋಗುವಾಗಲೂ ಬೀಗ ಹಾಕಿಕೊಂಡು ಹೋಗುವುದು ಅವಳ ರೂಢಿ. "ಎಲ್ಲ ಒಂದೇ ತರ ಇದಾವೆ ಮಾರಾಯ, ಈ ಕತ್ತಲಲ್ಲಿ ಯಾವುದು ಯಾವುದಕ್ಕೆ ಅಂತ ಹೇಗೆ ಗೊತ್ತಾಗಬೇಕು?" ಅಂದಳು. ಅವಳಿಗೆ ಎಪ್ಪತ್ತು ದಾಟಿದೆ. ಆ ಗೊಂಚಲಲ್ಲಿ 11 ಕೀ ಇದ್ದವು. ಅವತ್ತು ರಾತ್ರಿಯೇ ಇದಕ್ಕೊಂದು ದಾರಿ ಮಾಡಬೇಕು ಅಂತ ಕೂತೆ.

ಮೊದಲು ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಎಲ್ಲ ಬೀಗಕ್ಕೂ ಆಗುವಂಥ ಒಂದು ಕೀ ಮಾಡಿಸಿದರೆ ಆಯಿತು ಅಂದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರ ಕೀ ಮಾಡುವವರ ಬಳಿ ಗೊಂಚಲು ಹಿಡಿದುಕೊಂಡು ಹೋದೆ. ಅವರು ಒಂದೊಂದೇ ಕೀ ಬೆರಳಲ್ಲಿ ತಿರುಗಿಸಿ ನೋಡಿ, "ಕೀ ಬದಲಾಯಿಸಿದ್ರೆ ಆಗಲ್ಲ ಸಾರ್, ಬೀಗದ ಹೊಟ್ಟೆ ಬದಲಾಯಿಸ್ಬೇಕು" ಅಂದರು. ಇಡೀ ಕೆಲಸ ಆ ಒಂದು ಮಾತಲ್ಲೇ ಇದೆ. ಕೀಯನ್ನು ಬೀಗಗಳಿಗೆ ಹೊಂದಿಸುವುದಲ್ಲ, ಒಂದು ಕೀ ಆರಿಸಿಕೊಂಡು ಬೀಗಗಳನ್ನೇ ಅದಕ್ಕೆ ಹೊಂದಿಸಬೇಕು.

ಎಲ್ಲ ಬೀಗವೂ ಹೀಗೆ ಹೊಂದುವುದಿಲ್ಲ. ನಮ್ಮ ಗೇಟು, ಕೊಟ್ಟಿಗೆ, ಪಂಪ್ ಶೆಡ್, ಸೌದೆ ಮನೆಗೆ ಹಾಕಿದ್ದವು ನೇತಾಡುವ ಲೀವರ್ ಬೀಗಗಳು. ಒಳಗೆ ತೆಳ್ಳಗಿನ ಹಿತ್ತಾಳೆ ಪಟ್ಟಿಗಳಿದ್ದು, ಕೀಯ ಹಲ್ಲು ಅವನ್ನು ಎತ್ತುತ್ತದೆ. ಹೆಚ್ಚಿನ ಬಾಗಿಲುಗಳಲ್ಲಿ ಇದ್ದದ್ದು ಪಿನ್ ಸಿಲಿಂಡರ್, ಅಂದರೆ ಒಳಗೆ ಪುಟ್ಟ ಪಿನ್‌ಗಳಿದ್ದು, ಕೀ ಹಾಕುವ ತುಂಡನ್ನು ಬಾಗಿಲಿನಿಂದ ಬಿಡಿಯಾಗಿ ಹೊರತೆಗೆಯಬಹುದಾದ ಬೀಗ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ಚಪ್ಪಟೆ ಕೀಯ ಬೀಗದ ಜಾತಿಯೇ ಇದು. ಈ ಎರಡು ಜಾತಿಗೆ ಒಂದೇ ಕೀ ಆಗುವುದೇ ಇಲ್ಲ. ಸಿಲಿಂಡರಿನಲ್ಲೂ ಒಂದು ಕಂಪನಿಯ ಕೀ ಇನ್ನೊಂದರ ತೂತಿಗೆ ತೂರುವುದಿಲ್ಲ, ಯಾಕೆಂದರೆ ಕೀಯ ಉದ್ದಕ್ಕೂ ಇರುವ ಗೀರುಗಳು ಬೇರೆ ಬೇರೆ. ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಎಲ್ಲ ಬೀಗಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಒಂದರ ಕೀಯನ್ನು ಇನ್ನೊಂದಕ್ಕೆ ತೂರಿಸಿ ನೋಡಿ. ತಿರುಗದಿದ್ದರೂ ಚಿಂತೆ ಇಲ್ಲ, ಪೂರ್ತಿ ಒಳಗೆ ಹೋದರೆ ಸಾಕು.

ನನಗೆ ಹಾಗೆ ಮೂರು ಸಿಕ್ಕವು: ಮುಂಬಾಗಿಲು, ಹಿಂದಿನ ಬಾಗಿಲು, ಬಚ್ಚಲುಮನೆ ಕಡೆಯ ಬಾಗಿಲು. ಮಹಡಿ ಮೆಟ್ಟಿಲಿನ ಬಾಗಿಲಿಗೆ ಇದ್ದದ್ದು ಹಳೇ ಲೀವರ್ ಬೀಗ. ಅದನ್ನು ಬಡಗಿಯವರಿಂದ ತೆಗೆಸಿ, ಸಿಲಿಂಡರ್ ಕೂರುವಂಥ ಲಾಕ್ ಬಾಡಿ ಹಾಕಿಸಿದೆ. ಕೈಯಿಂದ ಜಾಸ್ತಿ ದುಡ್ಡು ಹೋದದ್ದು ಅಲ್ಲೇ.

ಮುಂಬಾಗಿಲು, ಹಿಂದಿನ ಬಾಗಿಲು ಎರಡಕ್ಕೂ ಅದೇ ಕಂಪನಿಯ, ಒಂದೇ ಕೀಯ ಹೊಸ ಸಿಲಿಂಡರ್ ತಂದೆ. ಹಾರ್ಡ್‌ವೇರ್ ಅಂಗಡಿಯಲ್ಲಿ "ಕಾಮನ್ ಕೀ ಬೇಕು" ಅಂದರೆ ಅವರಿಗೆ ಅರ್ಥವಾಗುತ್ತದೆ, ಇಲ್ಲದಿದ್ದರೆ ಆರ್ಡರ್ ಮಾಡಿ ತರಿಸಿಕೊಡುತ್ತಾರೆ. ಹಳೆಯವನ್ನೇ ಇಟ್ಟುಕೊಳ್ಳಬಹುದಿತ್ತು, ಆದರೆ ಅವು ಎರಡೂ ಕಡೆ ಕೀ ಹಾಕುವಂಥವು. ಅಮ್ಮ ಒಳಗಿನಿಂದ ಬೀಗ ಹಾಕಿ ಕೀ ಅಲ್ಲೇ ಬಿಟ್ಟು ಮಲಗಿದರೆ, ಹೊರಗಿನಿಂದ ನನ್ನ ಕೀ ಕೆಲಸ ಮಾಡುತ್ತಿರಲಿಲ್ಲ. ಇಂಥ ಸಾಮಾನ್ಯ ಸಿಲಿಂಡರ್‌ಗಳೆಲ್ಲ ಹಾಗೆಯೇ. ಅದಕ್ಕೆ ಹೊರಗೆ ಕೀ, ಒಳಗೆ ಕೈಯಲ್ಲಿ ತಿರುಗಿಸುವ ಗುಬ್ಬಿ ಇರುವಂಥದ್ದು ತಂದೆ. ರಾತ್ರಿ ಬೆಂಕಿಯೋ ಇನ್ನೇನೋ ಅವಘಡ ಆದರೆ ಒಳಗಿದ್ದವರು ಕೀ ಹುಡುಕುತ್ತ ನಿಲ್ಲಬಾರದು ಅಲ್ವಾ? ಬಾಗಿಲ ಪಕ್ಕದಲ್ಲೇ ಗಾಜು ಇರುವವರು ಮಾತ್ರ ಈ ಗುಬ್ಬಿ ಹಾಕಬೇಡಿ. ಗಾಜು ಒಡೆದು ಕೈ ತೂರಿಸಿದರೆ ಬಾಗಿಲು ತೆರೆದುಬಿಡುತ್ತದೆ.

ಅಳತೆ ಸರಿಯಾಗಿ ನೋಡಿಕೊಳ್ಳಿ. ಬಾಗಿಲ ಅಂಚಿನಲ್ಲಿ ಸಿಲಿಂಡರ್ ಹಿಡಿದಿಡುವ ಉದ್ದ ಸ್ಕ್ರೂ ಇರುತ್ತದೆ. ಆ ಸ್ಕ್ರೂವಿನ ನಡುಭಾಗದಿಂದ ಎರಡೂ ಕಡೆಗೆ ಬೇರೆ ಬೇರೆಯಾಗಿ ಅಳೆಯಬೇಕು. ನಮ್ಮ ಮುಂಬಾಗಿಲು ದಪ್ಪ, ಅದಕ್ಕೆ 35 ಮತ್ತು 35, ಒಟ್ಟು 70 ಮಿ.ಮೀ. ಉಳಿದವಕ್ಕೆ 60 ಸಾಕಾಯಿತು. ಹೊರಗಡೆ ಎರಡು ಮೂರು ಮಿ.ಮೀ.ಗಿಂತ ಜಾಸ್ತಿ ಚಾಚಿಕೊಂಡರೆ ಕಳ್ಳರಿಗೆ ಹಿಡಿದು ಮುರಿಯಲು ಅನುಕೂಲ. ಬಿಚ್ಚುವಾಗ ಆ ಸ್ಕ್ರೂ ಪೂರ್ತಿ ತೆಗೆದು, ಕೀ ಹಾಕಿ ಸ್ವಲ್ಪವೇ ತಿರುಗಿಸಿ, ಮೆಲ್ಲಗೆ ಎಳೆಯಿರಿ. ನಡುವಿನ ನಾಲಿಗೆ ಸಿಲಿಂಡರಿನ ಮೈಗೆ ಸಮವಾದ ಕೂಡಲೇ ಅದು ಹೊರಗೆ ಬರುತ್ತದೆ. ಬರಲಿಲ್ಲವೆಂದು ಸುತ್ತಿಗೆ ಹಿಡಿಯಬೇಡಿ.

ಇನ್ನು ಹೊಟ್ಟೆ ಬದಲಾಯಿಸುವ ಕೆಲಸ. ಬಚ್ಚಲುಮನೆ ಬಾಗಿಲಿನ ಸಿಲಿಂಡರನ್ನೂ, ಹಿಂದಿನ ಬಾಗಿಲಿನಿಂದ ತೆಗೆದ ಹಳೆಯದನ್ನೂ ಹೊಸ ಕೀಗೆ ಹೊಂದಿಸಬೇಕಿತ್ತು. ಆ ಹಳೆಯದು ಮೆಟ್ಟಿಲ ಬಾಗಿಲಿಗೆ ಸರಿಯಾಗಿ ಕೂರುತ್ತಿತ್ತು. ಸಿಲಿಂಡರಿನೊಳಗೆ ಕೀ ಹೋಗುವ ಗುಂಡು ತುಂಡನ್ನು ಪ್ಲಗ್ ಅನ್ನುತ್ತಾರೆ. ಅದರಲ್ಲಿ ಸಾಲಾಗಿ ಐದು ತೂತು, ಪ್ರತಿ ತೂತಿನಲ್ಲಿ ಎರಡು ಪಿನ್, ಹಿಂದೊಂದು ಸ್ಪ್ರಿಂಗ್. ಕೀಗೆ ತಾಗುವ ಪಿನ್ ಚೂಪು, ಸ್ಪ್ರಿಂಗ್ ಕಡೆಯದು ಚಪ್ಪಟೆ. ಸರಿಯಾದ ಕೀ ಹೋದಾಗ ಎರಡು ಪಿನ್ ಕೂಡುವ ಗೆರೆ ಐದೂ ತೂತಿನಲ್ಲಿ ಪ್ಲಗ್ಗಿನ ಅಂಚಿಗೆ ಬಂದು ನಿಲ್ಲುತ್ತದೆ, ಆಗ ಮಾತ್ರ ತಿರುಗುತ್ತದೆ. ಚೂಪು ಪಿನ್ನಿಗೆ ಆರು ಉದ್ದಗಳಿವೆ ಅಂದುಕೊಂಡರೂ ಐದು ತೂತಿಗೆ 7776 ಜೋಡಣೆ ಆಯಿತು. ಇಷ್ಟು ಪುಟ್ಟ ಹಿತ್ತಾಳೆ ತುಂಡಿನಲ್ಲಿ ಇಷ್ಟೊಂದು ಲೆಕ್ಕ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ, ಬಿಚ್ಚಿ ನೋಡಿದಾಗ ತುಂಬ ಖುಷಿಯಾಯಿತು.

ನಾನು ಮೊದಲು ಕೈ ಇಟ್ಟದ್ದು ಮುಂಬಾಗಿಲಿನ ಹಳೇ ಸಿಲಿಂಡರಿಗೆ, ಕಲಿಯಲು. ನಾಲಿಗೆಯ ಪಕ್ಕದ ಸಣ್ಣ ಕ್ಲಿಪ್ ಬಿಡಿಸಿ ಪ್ಲಗ್ ಸುಮ್ನೆ ಎಳೆದೆ. ಐದೂ ಸ್ಪ್ರಿಂಗ್ ಹಾರಿ ಜಗಲಿಯೆಲ್ಲ ಚೆದುರಿದವು, ಎರಡು ಸಿಗಲೇ ಇಲ್ಲ. ಆಮೇಲೆ ಕೀ ಮಾಡುವವರನ್ನೇ ಕೇಳಿ ಸರಿಯಾದ ಕ್ರಮ ತಿಳಿದುಕೊಂಡೆ. ಪ್ಲಗ್ಗಿನಷ್ಟೇ ದಪ್ಪದ ಗುಂಡು ಕೋಲು ಬೇಕು. ನಾನು ಮರದ ಕೋಲನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿಕೊಂಡೆ. ಸಿಲಿಂಡರಿನ ಉದ್ದ ಭಾಗ ಮೇಲೆ ಬರುವಂತೆ ಹಿಡಿದು, ಕೀ ಹಾಕಿ ಸ್ವಲ್ಪ ತಿರುಗಿಸಿ, ಹಿಂದಿನಿಂದ ಕೋಲನ್ನು ಪ್ಲಗ್ಗಿಗೆ ಒತ್ತಿಟ್ಟು ತಳ್ಳಬೇಕು. ಪ್ಲಗ್ ಹೊರಗೆ ಬಂದ ಹಾಗೆ ಕೋಲು ಅದರ ಜಾಗ ತುಂಬುತ್ತದೆ, ಮೇಲಿನ ಪಿನ್ನು ಸ್ಪ್ರಿಂಗು ಅಲ್ಲೇ ಉಳಿಯುತ್ತವೆ. ಎರಡರ ನಡುವೆ ಕೂದಲೆಳೆಯಷ್ಟೂ ಸಂದು ಬಿಡಬಾರದು.

ಹೊರಬಂದ ಪ್ಲಗ್ಗಿನಿಂದ ಹಳೇ ಚೂಪು ಪಿನ್‌ಗಳನ್ನು ಸುರಿದು, ಹೊಸ ಕೀ ಹಾಕಿ, ಒಂದೊಂದು ತೂತಿಗೂ ಪ್ಲಗ್ಗಿನ ಮೈಗೆ ಸಮವಾಗುವ ಪಿನ್ ಹುಡುಕಿ ಇಟ್ಟೆ. ಉಬ್ಬಿದ್ದರೂ ತಪ್ಪು, ತಗ್ಗಿದ್ದರೂ ತಪ್ಪು. ಬೆರಳು ಸವರಿದರೆ ಗೊತ್ತಾಗುತ್ತದೆ. ಕಲಿಕೆಗೆ ಬಳಸಿದ ಸಿಲಿಂಡರಿನ ಪಿನ್‌ಗಳು ಸಾಲದಾದಾಗ ಕೀ ಮಾಡುವವರು ತಮ್ಮ ಡಬ್ಬಿಯಿಂದ ಕೆಲವು ಕೊಟ್ಟರು. ಉಬ್ಬಿದ ಪಿನ್ನನ್ನು ಅರದಲ್ಲಿ ಉಜ್ಜಿ ಮಟ್ಟ ಮಾಡುವವರಿದ್ದಾರೆ. ನಾನು ಅದನ್ನು ಮಾಡಲಿಲ್ಲ, ಪಿನ್ನಿನ ಅಂಚು ಕೆಟ್ಟರೆ ಬೀಗವೇ ಸಡಿಲ. ಎರಡೂ ಕಡೆ ಕೀ ಇರುವ ಸಿಲಿಂಡರ್ ಆದ್ದರಿಂದ ಇದನ್ನೇ ಎರಡು ಸಲ ಮಾಡಬೇಕು. ಮೊದಲನೆಯದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು, ಎರಡನೆಯದಕ್ಕೆ ಒಂದು ಗಂಟೆ.

ನೇತಾಡುವ ಬೀಗಗಳಿಗೆ ಕಷ್ಟಪಡಲಿಲ್ಲ. ಒಂದೇ ಕೀಯ ನಾಲ್ಕು ಬೀಗದ ಸೆಟ್ ತರಿಸಿದೆ. ದಿನಸಿ ಕೋಣೆಗೆ ಬೀಗವೇ ಬೇಡ, ಚಿಲಕ ಸಾಕು ಅಂತ ಅಮ್ಮನೇ ಹೇಳಿದಳು. ಬೀರುವಿನ ಕೀ ಬೀರುವಿನ ಹತ್ತಿರವೇ ಎಲ್ಲೋ ಇದೆ. ಅಡಿಕೆ ಕೋಣೆಯ ಕೀಯನ್ನು ಮಾತ್ರ ಬೇಕೆಂದೇ ಬೇರೆ ಇಟ್ಟೆ. ವರ್ಷದ ದುಡಿಮೆಯೆಲ್ಲ ಚೀಲದಲ್ಲಿ ಕೂತಿರುವ ಕೋಣೆ ಅದು, ಹಾಲು ಕರೆಯಲು ಹೋಗುವಾಗ ಸೆರಗಿಗೆ ಕಟ್ಟಿಕೊಳ್ಳುವ ಕೀಯಲ್ಲಿ ಅದು ತೆರೆಯಬಾರದು. ಹಾಗಾಗಿ ಅಮ್ಮನ ಗೊಂಚಲಲ್ಲಿ ಉಳಿದದ್ದು ಎರಡೇ ಕೀ: ನಾಲ್ಕು ಬಾಗಿಲಿಗೊಂದು, ನೇತಾಡುವ ಬೀಗಗಳಿಗೊಂದು.

ಮಳೆಗಾಲದಲ್ಲಿ ಕೀ ಬಿಗಿಯಾದರೆ ನಮ್ಮ ಕಡೆ ಕೊಬ್ಬರಿ ಎಣ್ಣೆ ಬಿಡುತ್ತಾರೆ. ದಯವಿಟ್ಟು ಸಿಲಿಂಡರಿಗೆ ಬಿಡಬೇಡಿ, ಧೂಳು ಹಿಡಿದು ಪಿನ್‌ಗಳು ಅಂಟಿಕೊಳ್ಳುತ್ತವೆ. ಗ್ರಾಫೈಟ್ ಪುಡಿ ಹಾಕಿ, ಇಲ್ಲದಿದ್ದರೆ ಮೆತ್ತನೆ ಪೆನ್ಸಿಲನ್ನು ಕೀಗೆ ಉಜ್ಜಿ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಬಾಗಿಲು ತೆರೆದಿಟ್ಟು ಕೀ ತಿರುಗಿಸಿಯೂ ನೋಡಿ. ಆಗ ಸಲೀಸಾಗಿ ತಿರುಗಿ, ಮುಚ್ಚಿದಾಗ ಮಾತ್ರ ಬಿಗಿಯಾದರೆ ದೋಷ ಬೀಗದ್ದಲ್ಲ, ನೀರು ಕುಡಿದು ಊದಿದ ಮರದ್ದು.

ಈ ವರ್ಷ ಅಡಿಕೆ ಗೊನೆ ಕೊಯ್ಲಿನ ಸಮಯದಲ್ಲಿ ನಾನು ಹೆದರಿದ್ದೇ ಆಯಿತು. ಅಮ್ಮನ ಬಾಗಿಲ ಕೀ ತೋಟದಲ್ಲಿ ಎಲ್ಲೋ ಬಿತ್ತು. ಒಂದೇ ಕೀ ಅಂದಮೇಲೆ ಅದು ಸಿಕ್ಕವರಿಗೆ ಇಡೀ ಮನೆ ಸಿಕ್ಕ ಹಾಗೆ. ಮುಂಬಾಗಿಲಿನ ಹಳೇ ಸಿಲಿಂಡರಿನ ಮೂರು ಕೀ, ತೆಗೆದ ಪಿನ್‌ಗಳೆಲ್ಲ ಒಂದು ಡಬ್ಬಿಯಲ್ಲಿ ಹಾಗೇ ಇದ್ದವು. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಬಿಳಿ ಪಂಚೆ ಹಾಸಿ ಕೂತೆ, ಅಮ್ಮ ಟಾರ್ಚ್ ಹಿಡಿದಳು. ಹನ್ನೊಂದೂವರೆ ಹೊತ್ತಿಗೆ ನಾಲ್ಕೂ ಬಾಗಿಲು ಆ ಹಳೇ ಕೀಗೆ ಹೊಂದಿಕೊಂಡವು. ಮರುದಿನ ಅದರ ಇನ್ನೆರಡು ಪ್ರತಿ ಮಾಡಿಸಿದೆ, ನಕಲಿನಿಂದ ನಕಲು ಮಾಡಿದರೆ ಹಲ್ಲು ಸವೆಯುತ್ತ ಹೋಗುತ್ತದೆ ಅಂತ ಮೂಲ ಕೀಯನ್ನೇ ಕೊಟ್ಟು. ಕಳೆದುಹೋದದ್ದು ಇನ್ನೂ ಸಿಕ್ಕಿಲ್ಲ. ಅಮ್ಮ ತೋಟಕ್ಕೆ ಹೋದಾಗಲೆಲ್ಲ ಕಾಲುವೆ ಬದಿಯಲ್ಲಿ ಒಮ್ಮೆ ಕಣ್ಣಾಡಿಸಿ ಬರುತ್ತಾಳೆ.