ಕುತ್ತಿಗೆಯೊಳಗಿನ ಉಂಗುರ ಬೆರಳಿಗೆ ಸಿಗುವುದು ಹೀಗೆ

ಆಪರೇಷನ್ ಥಿಯೇಟರಿಗೆ ಹೊಸದಾಗಿ ಬರುವ ನರ್ಸಿಂಗ್ ಮಕ್ಕಳಿಗೆ ನಾನು ಮೊದಲ ದಿನ ಹೇಳುವುದು ಒಂದೇ: ಕನ್ನಡಿ ಬೇಡ, ಪುಸ್ತಕ ಬೇಡ, ನಿಮ್ಮ ಕುತ್ತಿಗೆ ಮುಟ್ಟಿ ಕ್ರಿಕಾಯ್ಡ್ ಹುಡುಕಿ, ಅಂದರೆ ಗಂಟಲುಮಣಿಯ ಕೆಳಗಿರುವ ಉಂಗುರದಂಥ ಮೆದುಮೂಳೆ.

ನೆಟ್ಟಗೆ ಕೂತು ಗದ್ದವನ್ನು ತುಸು ಮೇಲೆತ್ತಿ. ಗಂಡಸರಲ್ಲಿ ಎದ್ದು ಕಾಣುತ್ತದಲ್ಲ, ಆ ಗಂಟಲುಮಣಿಯ ಮೇಲೆ ತೋರುಬೆರಳಿಡಿ. ಅಲ್ಲಿಂದ ನಡುಗೆರೆ ತಪ್ಪದೆ ನಿಧಾನವಾಗಿ ಕೆಳಗೆ ಜಾರಿಸಿ. ಗಟ್ಟಿ ಮುಗಿದು ಬೆರಳತುದಿ ಕೂರುವಷ್ಟು ಮೆತ್ತನೆ ಕುಳಿ ಸಿಗುತ್ತದೆ. ಅದನ್ನು ದಾಟಿದ ಕೂಡಲೇ ಅಡ್ಡಲಾಗಿ ಮತ್ತೊಂದು ಗಟ್ಟಿ ದಿಂಡು. ಅದೇ. ಈಗ ಎಂಜಲು ನುಂಗಿ, ದಿಂಡು ಬೆರಳ ಕೆಳಗೇ ಮೇಲಕ್ಕೆ ಓಡಿ ವಾಪಸು ಬರಬೇಕು. ಎರಡೂ ಪಕ್ಕದ ನಾಡಿಗಳನ್ನು ಒಟ್ಟಿಗೆ ಅಮುಕಬೇಡಿ, ತಲೆ ಸುತ್ತೀತು.

ಹೆಂಗಸರ ಕುತ್ತಿಗೆಯಲ್ಲಿ ಗಂಟಲುಮಣಿ ಅಷ್ಟು ಚೂಪಾಗಿರುವುದಿಲ್ಲ. ನನಗೇ ನನ್ನದು ಸಿಗಲು ಹೊತ್ತಾಯಿತು! ಆಗ ಎದೆಮೂಳೆಯ ಮೇಲಿನ ಗುಳಿಯಿಂದ ಹತ್ತಿ ಬನ್ನಿ. ಶ್ವಾಸನಾಳದ ಸಣ್ಣ ಸಣ್ಣ ಬಳೆಗಳಾದ ಮೇಲೆ ಎಲ್ಲಕ್ಕಿಂತ ದಪ್ಪಗೆ ತಡೆಯುವುದೇ ಕ್ರಿಕಾಯ್ಡ್.

ಅನುಮಾನ ಉಳಿದರೆ ಹಾಡಿ ನೋಡಿ. ಮೆತ್ತನೆ ಕುಳಿಯಲ್ಲಿ ಬೆರಳಿಟ್ಟು ಮಂದ್ರದಿಂದ ತಾರಕ್ಕೆ 'ಊ' ಎನ್ನುತ್ತಾ ಏರಿ. ಕುಳಿ ಮುಚ್ಚಿಕೊಳ್ಳುತ್ತದೆ. ಕ್ರಿಕಾಯ್ಡಿನ ಮುಂಭಾಗ ಮೇಲಕ್ಕೆ ವಾಲಿ ಧ್ವನಿತಂತುಗಳನ್ನು ಹಿಂದಕ್ಕೆ ಎಳೆದು ಬಿಗಿ ಮಾಡುತ್ತಿರುತ್ತದೆ, ವೀಣೆಯ ಬಿರಡೆ ತಿರುಗಿಸಿದ ಹಾಗೆ. ನನ್ನ ಹುಡುಗಿಯರು ಜೋರಾಗಿ ನಗುವುದು ಇಲ್ಲೇ.

ಇಷ್ಟು ಹಟ ಯಾಕೆಂದರೆ, ರೋಗಿಗೆ ಉಸಿರಾಟದ ಟ್ಯೂಬ್ ಹಾಕುವಾಗ ಕ್ರಿಕಾಯ್ಡ್ ಒತ್ತಿ ಹಿಡಿಯುವ ಕೆಲಸ ನಮ್ಮ ಪಾಲಿಗೆ ಬರುತ್ತದೆ, ಹೊಸದರಲ್ಲಿ ನಾನೇ ತಪ್ಪು ಜಾಗ ಒತ್ತಿದವಳು. ಹೊಟ್ಟೆ ತುಂಬಿದ್ದ ರೋಗಿ, ಗಡಿಬಿಡಿ. ನಾನು ಗಂಟಲುಮಣಿಯನ್ನೇ ಅದುಮಿ ಹಿಡಿದಿದ್ದೆ. ಟ್ಯೂಬ್ ಹಾಕುತ್ತಿದ್ದ ಹಿರಿಯರಿಗೆ ಧ್ವನಿತಂತುಗಳೇ ಕಾಣಲಿಲ್ಲ. ಬೈಯಲಿಲ್ಲ, ನನ್ನ ಬೆರಳು ಹಿಡಿದು ಒಂದು ಬೆರಳಗಲ ಕೆಳಗಿಟ್ಟರು.

ಶ್ವಾಸನಾಳದ ಬಳೆಗಳು ಕುದುರೆಲಾಳದ ಹಾಗೆ, ಹಿಂದೆ ತೆರೆದಿರುತ್ತವೆ. ಪೂರ್ತಿ ಸುತ್ತುವುದು ಕ್ರಿಕಾಯ್ಡ್ ಒಂದೇ: ಮುಂದೆ ಕಿರಿದು, ಹಿಂದೆ 2-3 ಸೆಂಟಿಮೀಟರ್ ಎತ್ತರದ ಹಲಗೆ. ಮುದ್ರೆಯುಂಗುರವನ್ನು ಹಿಂದುಮುಂದಾಗಿ ತೊಟ್ಟಂತೆ. ಮುಂದಿನಿಂದ ಒತ್ತಿದರೆ ಈ ಹಲಗೆ ಹಿಂದಿರುವ ಅನ್ನದ ದಾರಿಯನ್ನು ಬೆನ್ನುಮೂಳೆಗೆ ಒತ್ತುತ್ತದೆ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಾರದಿರಲಿ ಎಂದು. 1961ರಲ್ಲಿ ಬ್ರಿಟನ್ನಿನ ಅರಿವಳಿಕೆ ವೈದ್ಯ ಬ್ರಯಾನ್ ಸೆಲಿಕ್ ಬರೆದ ಉಪಾಯ. ಎಷ್ಟು ಉಪಯೋಗ ಎಂಬ ವಾದ ಇಂದಿಗೂ ಮುಗಿದಿಲ್ಲ, ನಮ್ಮಲ್ಲಂತೂ ಕಲಿಸುತ್ತೇವೆ.

ಒತ್ತಡದ ಅಭ್ಯಾಸ ಮಾತ್ರ ಗೆಳತಿಯ ಕುತ್ತಿಗೆಯ ಮೇಲೆ ಬೇಡವೇ ಬೇಡ. 50 ಎಂಎಲ್ ಸಿರಿಂಜಿಗೆ ಗಾಳಿ ಎಳೆದು, ಬಾಯಿಗೆ ಮುಚ್ಚಳ ಹಾಕಿ, ದಂಡವನ್ನು 33ರ ಗೆರೆವರೆಗೆ ತಳ್ಳಿ ಹಿಡಿಯಿರಿ. ಸುಮಾರು 30 ನ್ಯೂಟನ್, ಪ್ರಜ್ಞೆ ತಪ್ಪಿದ ರೋಗಿಗೆ ಬೇಕಾದಷ್ಟು. ಎಚ್ಚರ ಇರುವವರೆಗೆ 10 ನ್ಯೂಟನ್ ಸಾಕು. ಸಿರಿಂಜ್ ಇಲ್ಲವೇ? ಅಡುಗೆಮನೆಯ ತಕ್ಕಡಿ ಒತ್ತಿ, ಮುಳ್ಳು 3 ಕಿಲೋ ಮುಟ್ಟಲಿ. ಹೆಬ್ಬೆರಳು, ತೋರುಬೆರಳು ಎರಡೂ ಕಡೆ, ಒತ್ತು ನೇರ ಹಿಂದಕ್ಕೆ. ರೋಗಿ ವಾಂತಿ ಮಾಡತೊಡಗಿದರೆ ಆ ಕ್ಷಣವೇ ಬಿಟ್ಟುಬಿಡಿ, ಅನ್ನನಾಳ ಹರಿದೀತು. ಉಳಿದಂತೆ, ಟ್ಯೂಬ್ ಸರಿಯಾಗಿ ಕೂತಿದೆ ಎಂದು ಡಾಕ್ಟರ್ ಬಾಯಿಬಿಟ್ಟು ಹೇಳುವವರೆಗೆ ಕೈ ತೆಗೆಯುವ ಹಾಗಿಲ್ಲ.