500 ರೂಪಾಯಿಯಲ್ಲಿ ಬೀದರ್ ನೋಡಿ ಬರುವುದು ಹೇಗೆ?

ಕಲಬುರಗಿಯ ಹಾಸ್ಟೆಲುಗಳಲ್ಲಿದ್ದು ಓದುವವರು ಪ್ರವಾಸದ ಮಾತು ಬಂದಾಗ ಮೊದಲು ಲೆಕ್ಕ ಹಾಕುವುದು ಬಸ್ಸು, ರೈಲಿನ ದರವನ್ನು. ಆದರೆ ಕೈಯಲ್ಲಿನ ಹಣ ಕರಗುವುದು ಊರಿಂದ ಊರಿಗೆ ಹೋಗುವಾಗ ಅಲ್ಲ, ಇಳಿದ ಊರೊಳಗೆ ಸುತ್ತುವಾಗ. ಪದವಿಯ ಮೊದಲ ವರ್ಷದಲ್ಲಿ ಗೆಳೆಯರೊಡನೆ ಬೀದರ್‌ಗೆ ಹೋದ ನಾನು, ಯಾವ ಜಾಗ ಯಾವ ದಿಕ್ಕಿಗಿದೆ ಎಂಬುದು ತಿಳಿಯದೆ ಒಂದೇ ದಿನ ನಾಲ್ಕು ಬಾರಿ ಆಟೊ ಹತ್ತಿದೆ. ಸಂಜೆಯ ರೈಲೂ ತಪ್ಪಿ, ಮರಳುವ ಬಸ್ಸಿನ ದುಡ್ಡನ್ನು ಗೆಳೆಯನ ಅಣ್ಣನಿಂದ ತರಿಸಿಕೊಳ್ಳಬೇಕಾಯಿತು. ಅಂದಿನಿಂದ ಅದೇ ಊರಿಗೆ ಹಲವು ಸಲ 500 ರೂಪಾಯಿಯೊಳಗೆ ಹೋಗಿ ಬಂದಿದ್ದೇನೆ.

ಮೊದಲ ಹೆಜ್ಜೆ ಊರಿನ ಆಯ್ಕೆ. ನೋಡುವ ಜಾಗಗಳು ಒಂದಕ್ಕೊಂದು ನಡೆದು ಹೋಗುವಷ್ಟು ಹತ್ತಿರ ಇರಬೇಕು. ಸನ್ನತಿ, ಮಳಖೇಡ ಎರಡೂ ಖಂಡಿತ ನೋಡಬೇಕಾದ ಸ್ಥಳಗಳೇ ಆದರೂ, ಸ್ವಂತ ವಾಹನವಿಲ್ಲದವರಿಗೆ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವುದು ಕಷ್ಟ. ಬೀದರ್ ಹಾಗಲ್ಲ, ಹಳೆಯ ಊರಿನ ನಡುವಿನ ಕಾವಲು ಗೋಪುರ ಚೌಬಾರಾದಿಂದ ಹೊರಟರೆ ಮಹಮೂದ್ ಗವಾನ್ ಮದರಸಾ, ಅದರಾಚೆ ಕೋಟೆ ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ. ತಿಂಗಳು ಆರಿಸುವಾಗ ನವೆಂಬರಿನಿಂದ ಜನವರಿವರೆಗಿನ ದಿನಗಳೇ ಇರಲಿ. ನಮ್ಮ ಬೇಸಿಗೆಯಲ್ಲಿ ಕಲ್ಲುಹಾಸಿನ ಮೇಲೆ ನಡೆಯಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ನೆರಳು, ನೀರು, ಆಟೊ ಮೂರಕ್ಕೂ ಹಣ ಕೊಡಬೇಕಾಗುತ್ತದೆ.

ಎರಡನೆಯದು ಹಣವನ್ನು ಮನೆಯಲ್ಲೇ ಭಾಗ ಮಾಡಿಕೊಳ್ಳುವುದು. 500 ರೂಪಾಯಿಯಲ್ಲಿ 150 ರೂಪಾಯಿಯನ್ನು ಬೇರೆ ಜೇಬಿನಲ್ಲಿ, ನೋಟಾಗಿಯೇ, ಮುಟ್ಟದೆ ಇಡಬೇಕು. ಅದು ತಪ್ಪಿದ ರೈಲಿಗೆ, ಕಿತ್ತುಹೋದ ಚಪ್ಪಲಿಗೆ, ತಲೆನೋವಿನ ಮಾತ್ರೆಗೆ. ಫೋನಿನಲ್ಲಿ ಹಣ ಕೊಡುವ ಅಭ್ಯಾಸವಾದವರಿಗೆ ಇದು ಹಳೆಯ ಕಾಲದ ಮಾತೆನಿಸಬಹುದು. ಆದರೆ ಚಾರ್ಜ್ ಮುಗಿದ ಫೋನಿನಲ್ಲಿರುವ ಹಣ ದಾರಿಯಲ್ಲಿ ನಿಂತವನ ಕೈಗೆ ಬರುವುದಿಲ್ಲ.

ಇನ್ನು ಪ್ರಯಾಣ. ಕಲಬುರಗಿ–ಬೀದರ್ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಸುಮಾರು 110 ಕಿಲೋಮೀಟರಿನ ಈ ದಾರಿಯಲ್ಲಿ ಪ್ಯಾಸೆಂಜರ್ ಗಾಡಿಯ ಕಾಯ್ದಿರಿಸದ ಟಿಕೆಟ್ ಬಸ್ಸಿಗಿಂತ ಬಹಳ ಅಗ್ಗ. ಆದರೆ ಗಾಡಿಗಳ ಸಂಖ್ಯೆ ಕಡಿಮೆ. ಆದ್ದರಿಂದ ಹೋಗುವ ಗಾಡಿಯ ಹೊತ್ತಿಗಿಂತ ಮೊದಲು ಮರಳುವ ಗಾಡಿಯ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿ ಬರೆದಿಟ್ಟುಕೊಳ್ಳಬೇಕು. ವಿದ್ಯಾರ್ಥಿನಿಯರಿಗೆ ಲೆಕ್ಕ ಬೇರೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಜೊತೆಗಿರಬೇಕು, ನಿರ್ವಾಹಕರು ಕೊಡುವ ಶೂನ್ಯ ದರದ ಟಿಕೆಟನ್ನು ಇಳಿಯುವವರೆಗೂ ಜೋಪಾನವಾಗಿಡಬೇಕು. ಕಾಲೇಜಿನ ಬಸ್ ಪಾಸನ್ನು ಮಾತ್ರ ಯಾರೂ ನಂಬಿ ಹೊರಡಬಾರದು, ಅದು ಮನೆ ಮತ್ತು ಕಾಲೇಜಿನ ನಡುವಿನ ದಾರಿಗಷ್ಟೇ ಸಲ್ಲುತ್ತದೆ.

ಊಟದ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಜೋಳದ ಖಡಕ್ ರೊಟ್ಟಿ ವಾರವಿಟ್ಟರೂ ಕೆಡುವುದಿಲ್ಲ. ಆರು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಗುರೆಳ್ಳು ಹಿಂಡಿ, ಎರಡು ಉಳ್ಳಾಗಡ್ಡಿ ಇವಿಷ್ಟನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಮುರಿಯದಂತೆ ನೋಟ್‌ಬುಕ್ಕಿನ ಬದಿಗೆ ನಿಲ್ಲಿಸಿಟ್ಟರೆ ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ಕಳೆಯುತ್ತದೆ. ಹಿಂಡಿಗೆ ಕಲೆಸಲು ಮೊಸರನ್ನು ಅಲ್ಲೇ ಕೊಂಡರಾಯಿತು. ಬಸ್ಸಿನಲ್ಲಿ ಹೋಗುವವರು ಕಮಲಾಪುರದಲ್ಲಿ ಅಲ್ಲಿಯ ಕೆಂಪು ಬಾಳೆಹಣ್ಣು ಕಂಡರೆ ಒಂದೆರಡು ಕೊಳ್ಳಲಿ, ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಎರಡು ಲೀಟರಿನ ಬಾಟಲಿಯಲ್ಲಿ ನೀರು ತುಂಬಿಕೊಂಡೇ ಹೊರಡಬೇಕು.

ಬೀದರ್‌ನಲ್ಲಿ ಇಳಿದ ಮೇಲೆ ಚೌಬಾರಾದವರೆಗೆ ಒಬ್ಬೊಬ್ಬರೇ ಆಟೊ ಗೊತ್ತುಮಾಡದೆ, ಜೊತೆಯವರು ಸೇರಿ ಹೋಗುವುದೊಳಿತು. ಅಲ್ಲಿಂದ ಮುಂದಿನದೆಲ್ಲ ಕಾಲ್ನಡಿಗೆ. 1472ರಲ್ಲಿ ಕಟ್ಟಿದ ಮದರಸಾದಲ್ಲಿ ಈಗ ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲಿನ ನೀಲಿ, ಹಸಿರು ಹೆಂಚಿನ ತುಣುಕುಗಳನ್ನು ಹತ್ತಿರ ನಿಂತು ನೋಡಬೇಕು. ಚೌಬಾರಾದ ಸುತ್ತಲಿನ ಬೀದಿಗಳಲ್ಲಿ ಬಿದ್ರಿ ಕೆಲಸದ ಅಂಗಡಿಗಳಿವೆ, ನೋಡುವುದಕ್ಕೆ ದುಡ್ಡು ಬೇಕಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಗೆರೆ ತೆಗೆದು, ಆ ಗೆರೆಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿಗೆ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕುಶಲಕರ್ಮಿಯ ಅನುಮತಿ ಕೇಳಿ ಅರ್ಧ ಗಂಟೆ ಕುಳಿತರೆ, ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಕೋಟೆಗೆ ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ರಂಗೀನ್ ಮಹಲಿಗೆ ಬೀಗ ಹಾಕಿರುವುದುಂಟು. ಆಗ ಅಲ್ಲಿನ ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಳ್ಳಬೇಕು. ಒಳಗೆ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಾಗಿಲುವಾಡವಿದೆ. ಅದನ್ನು ನೋಡದೆ ಬಂದರೆ ಬೀದರ್‌ಗೆ ಇನ್ನೊಮ್ಮೆ ಹೋಗಬೇಕಾಗುತ್ತದೆ. ಕಾಲಿಗೆ ಶಕ್ತಿಯಿದ್ದರೆ ಅಷ್ಟೂರಿನ ಬಹಮನಿ ಗೋರಿಗಳಿಗೂ ಹೋಗಬಹುದು. ಅಹಮದ್ ಷಾ ವಲಿಯ ಗೋರಿಯ ಕತ್ತಲೆಯಲ್ಲಿ ನಾವು ನಿಂತಿದ್ದಾಗ, ಅಲ್ಲಿದ್ದ ಹಿರಿಯರೊಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದರು. ಗುಮ್ಮಟದ ಕೆಂಪು, ಬಂಗಾರದ ಬಣ್ಣಗಳು ಒಮ್ಮೆಲೇ ಎದ್ದು ಕಂಡವು. ಇಂಥವರ ಕೈಯಲ್ಲಿ ಹತ್ತಿಪ್ಪತ್ತು ರೂಪಾಯಿ ಇಡುವುದನ್ನು ಉಳಿತಾಯದ ಹೆಸರಿನಲ್ಲಿ ತಪ್ಪಿಸಬಾರದು.

ಸಂಜೆಯ ಊಟಕ್ಕೆ ಗುರುನಾನಕ್ ಝಿರಾ ಗುರುದ್ವಾರವಿದೆ. ತಲೆಗೆ ಬಟ್ಟೆ ಕಟ್ಟಿ, ಕಾಲು ತೊಳೆದು, ಝರಿಯ ದರ್ಶನ ಮಾಡಿ ಲಂಗರಿನ, ಅಂದರೆ ಎಲ್ಲರಿಗೂ ಉಚಿತವಾಗಿ ಉಣಬಡಿಸುವ ಊಟದ ಮನೆಯ, ಪಂಕ್ತಿಯಲ್ಲಿ ಕುಳಿತರೆ ಯಾರು, ಯಾವ ಊರು ಎಂದು ಕೇಳದೆ ಬಡಿಸುತ್ತಾರೆ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆಯಬೇಕು, ತಟ್ಟೆಯಲ್ಲಿ ಏನನ್ನೂ ಬಿಡಬಾರದು. ಇದು ಹಣ ಉಳಿಸುವ ಹೋಟೆಲಲ್ಲ, ಸೇವೆಯ ಜಾಗ. ಉಂಡ ಮೇಲೆ ಸ್ವಲ್ಪ ಹೊತ್ತು ತಟ್ಟೆ ತೊಳೆಯುವವರ ಜೊತೆ ಕೈ ಜೋಡಿಸಿ ಬರುವುದು ಸರಿಯಾದ ಕ್ರಮ.

ಮರಳುವ ಗಾಡಿಗೆ ಒಂದು ಗಂಟೆ ಮೊದಲೇ ನಿಲ್ದಾಣ ಸೇರಬೇಕು. ರೈಲು ತಪ್ಪಿದರೆ ಗಾಬರಿಯಾಗದೆ ಬಸ್ ನಿಲ್ದಾಣಕ್ಕೆ ಬರಬೇಕು. ಕಲಬುರಗಿಗೆ ನೇರ ಬಸ್ಸು ಇಲ್ಲದಿದ್ದರೆ ಹುಮನಾಬಾದ್‌ವರೆಗೆ ಹೋಗಿ ಅಲ್ಲಿ ಬಸ್ಸು ಬದಲಿಸಬಹುದು. ಬೇರೆ ಜೇಬಿನಲ್ಲಿಟ್ಟ 150 ರೂಪಾಯಿಯನ್ನು ತೆಗೆಯುವುದು ಆಗ.